ಅತ್ತೆಯ ಎಡ-ಬಲ

ನನ್ನ ಸೋದರತ್ತೆಯ ಎದುರು ನಿಂತವರಿಗೆ ಅವರ ಎಡ ಯಾವುದು, ಬಲ ಯಾವುದು ಎಂಬುದು ಎಂದಿಗೂ ಇತ್ಯರ್ಥವಾಗದು. ಜೀವಮಾನವಿಡೀ ಪುಟ್ಟ ಮಕ್ಕಳಿಗೆ ಡ್ರಿಲ್ ಕಲಿಸಿದವರು. ಮಕ್ಕಳು ಕನ್ನಡಿಯಂತೆ ಅನುಕರಿಸಲೆಂದು, 'ಎಡಗೈ' ಎನ್ನುತ್ತ ತಮ್ಮ ಬಲಗೈ ಎತ್ತಿ ಎತ್ತಿ, ಆ ತಿರುವುಮುರುವು ರಕ್ತಗತವಾಗಿಬಿಟ್ಟಿದೆ. ಸೀರೆಯ ಕೆಳಗೆ ಕ್ಯಾನ್ವಾಸ್ ಶೂ, ತಾಳ ಹಾಕಿದಂಥ ನಡಿಗೆ, ಮಾತುಮಾತಿಗೂ 'ನೆಟ್ಟಗೆ', ಫೋನಿನಲ್ಲೂ. ದರ್ಜಿಯೊಬ್ಬ ಕೋಟಿನ ಜೇಬನ್ನು ತಪ್ಪು ಬದಿಗೆ ಹೊಲಿದಾಗ, "ನಾನೇ ಹಾಗಂದಿದ್ನೇನೋ, ಪಾಪ" ಎಂದು ಅದನ್ನೇ ವರ್ಷಗಟ್ಟಲೆ ತೊಟ್ಟರು.

ಇಂಥವರ ಬಲಗೆನ್ನೆ ಬನ್ನಿನಂತೆ ಊದಿಕೊಂಡಿರುವಾಗ ದಂತವೈದ್ಯನೊಬ್ಬ ಎಡದವಡೆಯ ಗಟ್ಟಿಮುಟ್ಟಾದ ಹಲ್ಲನ್ನು ಕಿತ್ತುಬಿಟ್ಟ. ಕೇಳಿದ್ದಕ್ಕೆ, "ನೀವೇ ಎಡ ಅಂದ್ರಲ್ಲ ಮೇಡಂ? ಬೇಜಾರು ಮಾಡ್ಕೋಬೇಡಿ, ಇನ್ನೊಂದನ್ನ ಪುಕ್ಕಟೆ ಕಿತ್ಕೊಡ್ತೀನಿ." ಏನು ಔದಾರ್ಯ! ಎಕ್ಸ್‌ರೇ ಎದುರಿಗೇ ತೂಗುತ್ತಿತ್ತು. ಊದಿದ ಕೆನ್ನೆ ಕಣ್ಣಿಗೆ ರಾಚುತ್ತಿತ್ತು. ಮಗಳು ಒಮ್ಮೆ ಸೀನಿದರೂ ನಿದ್ದೆಗೆಡುವ ನನಗೆ ಮೈಯೆಲ್ಲ ಉರಿದುಹೋಯಿತು.

"ದೂರು ಕೊಡೋಣ ಅತ್ತೆ. ಪರಿಹಾರ ಕೇಳೋಣ."

"ನಾನು ಎಡ ಅಂದಿದ್ರೂ ಅಂದಿರ್ತೀನಿ ಕಣೇ. ಎದುರಿಗೆ ನಿಂತಿದ್ರಲ್ಲ ಅವ್ರು."

"ನೀವು ಮೂಗು ಅಂದಿದ್ರೆ ಮೂಗು ಕೀಳ್ತಿದ್ನಾ?"

ನಕ್ಕರು, ನಕ್ಕದ್ದಕ್ಕೆ ನೋವಾಗಿ ಕೆನ್ನೆ ಹಿಡಿದುಕೊಂಡರು.

ಬೇರೊಬ್ಬ ವೈದ್ಯರು ನೋಯುವ ಹಲ್ಲನ್ನೂ ತೆಗೆದ ಮೇಲೆ ಅಗಿಯಲು ಎರಡು ಬದಿಯೂ ಇಲ್ಲವಾಯಿತು. ಹಾಲಿನಲ್ಲಿ ಬ್ರೆಡ್ಡು ನೆನೆಸಿ ನುಂಗುತ್ತ, ಬೆಳಿಗ್ಗೆ "ದೂರು ಕೊಡೋಣ" ಎಂದವರು ಸಂಜೆಗೆ "ಬಿಡು, ಆ ಡಾಕ್ಟ್ರ ವಯಸ್ಸಿನ್ನೂ ಚಿಕ್ದು, ಹೆಸರು ಕೆಡುತ್ತೆ" ಎನ್ನುವರು. ಕಿತ್ತವನ ಹೆಸರಿಗಾಗಿ ಕೀಳಿಸಿಕೊಂಡವರ ಮರುಕ!

ಒಂದು ಸಂಜೆ ಮಗಳು ಶೂಗಳನ್ನು ಅದಲುಬದಲು ಹಾಕಿಕೊಂಡು ಬಂದಳು. ನಾನು ಗದರಿದೆ. ಅತ್ತೆ ಬಗ್ಗಿ ಶೂ ಬಿಚ್ಚುತ್ತ, "ಬೈಬೇಡ್ವೇ. ಮಕ್ಳು ಎಡ-ಬಲ ತಪ್ಪು ಮಾಡೋದೇ. ನೋಡ್ಕೊಳ್ಳೋಕೆ ತಾನೇ ನಾವಿರೋದು?" ಎಂದವರು, ಲೇಸು ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿದರು.

"ಆ ಕುರ್ಚೀಲಿ ಬಾಯಿ ಬಿಟ್ಕೊಂಡು ಕೂತಾಗ ನಾನೂ ಮಗೂನೇ ಅಲ್ವೇನೇ? ದೂರು ಬರಿ. ಆದ್ರೆ ನಾನು ಎಡ ಅಂದಿರಬಹುದು ಅಂತ ಮೊದಲು ಬರಿ."

"ಅತ್ತೆ, ಕೇಸೇ ಬಿದ್ದುಹೋಗುತ್ತೆ!"

"ಬಿದ್ರೆ ಬೀಳ್ಲಿ. ಅವ್ರು ನೋಡ್ಲೇ ಇಲ್ಲ ಅಂತ ಆಮೇಲೆ ಬರಿ. ನೆಟ್ಟಗೆ ಬರಿ."

ಹಲ್ಲು ಕಚ್ಚಿಕೊಂಡು ಹಾಗೆಯೇ ಬರೆದು ಕೊಟ್ಟುಬಂದೆ. ತಮ್ಮ ಪಾಲಿನ ತಪ್ಪನ್ನು ಮೊದಲು ಒಪ್ಪಿಕೊಳ್ಳದೆ ನ್ಯಾಯವನ್ನೂ ಕೇಳಲಾರದ ಜನ ಇವರು. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ತಕರಾರಿಲ್ಲ. ಅವರ ಮೊದಲ ಸಾಲನ್ನು ಓದಿದೊಡನೆ ನಿಟ್ಟುಸಿರು ಬಿಟ್ಟು, ಎರಡನೆಯ ಸಾಲಿಗೆ ಕಣ್ಣು ಹಾಯಿಸದೆ ಕಡತ ಮುಚ್ಚಿಬಿಡುವ ಲೋಕದ ಮೇಲೆ ನನ್ನ ಸಿಟ್ಟು.