ಬಾಲ ಭಾನುವಾರದ್ದು

ನಾನು ಗೋವಾದ ಒಂದು ಕಲಾ ಕಾಲೇಜಿನಲ್ಲಿ ಇಲಸ್ಟ್ರೇಶನ್ ಓದುತ್ತೇನೆ. ಹಾಗೆಂದರೆ ಏನು ಎಂದು ನಮ್ಮೂರು ಅವರ್ಸಾದಲ್ಲಿ ಇದುವರೆಗೆ ಹದಿನೇಳು ಜನರಿಗೆ ವಿವರಿಸಿದ್ದೇನೆ. ಹದಿನೇಳೂ ಜನ ಪೂರ್ತಿ ಕೇಳಿಸಿಕೊಂಡು, ಹಾಗಾದರೆ ನಮ್ಮ ಗೇಟಿಗೊಂದು ಬೋರ್ಡು ಬರೆದುಕೊಡು ಎಂದರು. ದೀಪಾಲಿಗೆ, ಅಂದರೆ ನನಗೆ, ಮೂಗಿನ ತುದಿಯಲ್ಲೇ ಸಿಟ್ಟು ಎಂದು ಊರೆಲ್ಲ ಹೇಳುತ್ತದೆ. ಆ ಸಿಟ್ಟನ್ನು ಅಲ್ಲಿ ತಂದು ಕೂರಿಸಿದವರು ಯಾರು ಎಂದು ಯಾರೂ ಕೇಳುವುದಿಲ್ಲ.

ಊರಿನ ಮಾತು ಬಿಡಿ. ನನ್ನ ಅಮ್ಮ ಮಂದಾಕಿನಿ ಅಂಕೋಲಾದ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಮಗಳು ಏನು ಓದುತ್ತಾಳೆ ಎಂದು ಯಾರಾದರೂ ಕೇಳಿದರೆ, ಗೋವಾದಲ್ಲಿ ಓದುತ್ತಾಳೆ ಎಂದು ಹೇಳಿ ಮಳೆಯ ವಿಷಯಕ್ಕೆ ಹೋಗುತ್ತಾಳೆ. ಎರಡು ವರ್ಷದಲ್ಲಿ ನನ್ನ ಒಂದು ಚಿತ್ರವನ್ನೂ ಅವಳು ನೆಟ್ಟಗೆ ನೋಡಿಲ್ಲ. ಎದುರಿಗೆ ಹಿಡಿದರೆ ಚಂದ ಇದೆ ಎನ್ನುತ್ತಾಳೆ, ಆ ಎರಡು ಪದ ಮುಗಿಯುವ ಮೊದಲೇ ಒಳಗೆ ಹೋಗಿರುತ್ತಾಳೆ. ಇದರಿಂದ ನನಗೆ ನೋವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ದೀಪಾವಳಿ ರಜೆಗೆ ಬಂದಾಗ ಮೊಬೈಲಿನಲ್ಲಿ ಒಂದು ಪೋಸ್ಟರು ಕಂಡಿತು. ಕಾರವಾರದ ಹತ್ತಿರ ಶಿರವಾಡದಲ್ಲಿ 'ಬಂಗಡೆ ಬಾಯ್ಸ್' ಎಂಬ ಕಬಡ್ಡಿ ತಂಡವಿದೆ. ಒಂಬತ್ತನೇ ತರಗತಿಯಿಂದ ನಾನು ಅವರಿಗಾಗಿ ಕೂಗಿ ಕೂಗಿ ಗಂಟಲು ಹರಿದುಕೊಂಡವಳು. ಈ ಸಲ ಅವರು ಫೈನಲ್ಲಿಗೆ ಬಂದಿದ್ದರು, ಅಭಿಮಾನಿಗಳ ಟೀ ಶರ್ಟಿಗೆ ಚಿತ್ರ ಬರೆಯುವ ಸ್ಪರ್ಧೆ ಇಟ್ಟಿದ್ದರು. ಗೆದ್ದ ಚಿತ್ರ ಇನ್ನೂರು ಜನರ ಎದೆಯ ಮೇಲೆ ಬರುತ್ತದೆ. ಇನ್ನೂರು ಎದೆಗಳ ಎದುರು ನಿಲ್ಲಿಸಿದರೆ ಅಮ್ಮ ಯಾವ ಕಡೆ ಮುಖ ತಿರುಗಿಸಿದರೂ ನೋಡಲೇಬೇಕು. ಹಾಗೆ ಲೆಕ್ಕ ಹಾಕಿ ಹೆಸರು ಕೊಟ್ಟೆ.

ಚಿತ್ರದಲ್ಲಿ ಬಂಗಡೆ ಮೀನು ಇರಲೇಬೇಕು ಎಂಬುದೊಂದೇ ನಿಯಮ. ಚಿತ್ರ ಮಂಗಳವಾರ ಸಂಜೆಯೊಳಗೆ ಮುಗಿಯಬೇಕು, ಬುಧವಾರ ಆಯ್ಕೆ. ಭಾನುವಾರ ಅಮ್ಮ ತಂದ ಆರು ಬಂಗಡೆಯಲ್ಲಿ ಒಂದನ್ನು ಬೇಡಿ ಪಡೆದು ತಟ್ಟೆಯಲ್ಲಿಟ್ಟುಕೊಂಡು ಕೂತೆ. ಮುಖ ಬರೆಯುವುದು ಕಷ್ಟ, ಕೈ ಕುದುರಲಿ ಎಂದು ಬಾಲದಿಂದ ಶುರು ಮಾಡಿದೆ. ನಾನು ನಿಧಾನದವಳು. ಒಂದೊಂದು ಗೆರೆಗೂ ಮೂರು ಸಲ ನೋಡುತ್ತೇನೆ. ಬೆಳಕು ಹೋಗುವಾಗ ಬಾಲವೂ ಅದರ ಮೇಲೆ ನಾಲ್ಕು ಬೆರಳು ಮೈಯೂ ಆಗಿತ್ತು.

ಮರುದಿನ ಸೋಮವಾರ. ನಮ್ಮ ಮನೆಯಲ್ಲಿ ಸೋಮವಾರ ಮೀನು ತಿನ್ನುವುದಿಲ್ಲ, ಮುಟ್ಟುವುದಿಲ್ಲ, ಫ್ರಿಜ್ಜಿನಲ್ಲಿ ಇಡುವುದೂ ಇಲ್ಲ, ಯಾಕೆಂದರೆ ಫ್ರಿಜ್ಜು ಇರುವುದು ದೇವರ ಗೂಡಿನ ಪಕ್ಕದಲ್ಲಿ. ಇದು ಅಡುಗೆಯ ಮೀನಲ್ಲ, ಮಾಡೆಲ್ ಎಂದು ನಾನು ವಾದಿಸಿದೆ.

"ಮಾಡೆಲ್ಲಾದ್ರೂ ಅಷ್ಟೇ. ಸೋಮವಾರ ಮುಗೀಲಿ, ಆಮೇಲೆ ಒಳಗೆ ಬರ್ಲಿ" ಎಂದಳು ಅಮ್ಮ.

ಹೀಗೆ ನನ್ನ ಬಂಗಡೆ ಹಿತ್ತಲಿನ ಬಚ್ಚಲುಕಟ್ಟೆಯ ಮೇಲೆ, ಒಂದು ಬಕೀಟು ಮಂಜುಗಡ್ಡೆಯಲ್ಲಿ ಸೋಮವಾರ ಕಳೆಯಿತು. ಮಧ್ಯಾಹ್ನಕ್ಕೆ ಮಂಜು ನೀರಾಯಿತು. ನಾನು ನೊಣ ಓಡಿಸುತ್ತ, ಬೆಕ್ಕಿಗೆ ಬೈಯುತ್ತ, ನಡು ಬರೆದೆ. ಮಂಗಳವಾರ ಮೂಗಿಗೆ ದುಪಟ್ಟಾ ಕಟ್ಟಿಕೊಂಡು ತಲೆ ಬರೆದೆ. ಕಣ್ಣಿನಲ್ಲಿ ಏನೋ ಒಂದು ಆಳ ಕಂಡಿತು. ಬಿಳಿಚಿದ ಬಣ್ಣ, ಸುತ್ತ ಒಂದು ಕೆಂಪು ಉಂಗುರ. ಅದನ್ನು ಹಾಗೆಯೇ ಇಳಿಸಿದೆ. ಅಷ್ಟು ಚೆನ್ನಾದ ಕಣ್ಣನ್ನು ನಾನು ಹಿಂದೆಂದೂ ಬರೆದಿರಲಿಲ್ಲ, ಈಗಲೂ ಹಾಗೇ ಹೇಳುತ್ತೇನೆ.

ಬುಧವಾರ ಅಮ್ಮನಿಗೆ ಕಾರವಾರದ ಜಿಲ್ಲಾ ಕಚೇರಿಗೆ ಒಂದು ಫೈಲು ಕೊಡುವುದಿತ್ತು. ಕೊಟ್ಟಾದ ಮೇಲೆ, ಆಯ್ಕೆ ನಡೆಯುವ ಆ ಹಾಳು ಸಭಾಭವನದಲ್ಲಿ ಫ್ಯಾನಾದರೂ ಇದೆಯಂತೆ ಎಂದು ನನ್ನ ಜೊತೆ ಶಿರವಾಡಕ್ಕೆ ಬಂದಳು. ಗೋಡೆಯ ಮೇಲೆ ಹನ್ನೊಂದು ಚಿತ್ರ ತೂಗುಹಾಕಿದ್ದರು. ಒಂದು ಬಂಗಡೆಗೆ ಮೀಸೆ ಇತ್ತು, ಇನ್ನೊಂದಕ್ಕೆ ತೋಳಿನಲ್ಲಿ ಮಾಂಸಖಂಡ. ನನ್ನದು ಸುಮ್ಮನೆ ಮೀನಾಗಿತ್ತು. ಅಮ್ಮ ಹಿಂದಿನ ಕುರ್ಚಿಯಲ್ಲಿ ಫ್ಯಾನಿನ ಕೆಳಗೆ ಕೂತು ಮೊಬೈಲು ತೆಗೆದಳು.

ತೀರ್ಪುಗಾರರು ಮೂವರು. ತಂಡದ ಕಾರ್ಯದರ್ಶಿ ಮಂಗೇಶ, ಡ್ರಾಯಿಂಗ್ ಮಾಸ್ತರು ಪ್ರದೀಪ, ಮತ್ತು ವೈಜಯಂತಿ ಬಾಯಿ. ಈ ಬಾಯಿ ಕಾರವಾರ ಪೇಟೆಯಲ್ಲಿ ಮೂವತ್ತು ವರ್ಷದಿಂದ ಮೀನು ಮಾರುವವಳು, ತಂಡದ ನಾಯಕ ರೂಪೇಶನ ತಾಯಿ. ಅವಳು ಹೂಂ ಎನ್ನದೆ ಆ ತಂಡದಲ್ಲಿ ಚೆಂಡುಹೂವಿನ ಹಾರವನ್ನೂ ಕೊಳ್ಳುವುದಿಲ್ಲ. ಮಾಸ್ತರು ನನ್ನ ಚಿತ್ರದ ಎದುರು ನಿಂತು ನೆರಳು-ಬೆಳಕನ್ನು ಹೊಗಳಿದರು. ಮಂಗೇಶ ತಲೆದೂಗಿದ. ಆಗ ವೈಜಯಂತಿ ಬಾಯಿ ಮುಂದೆ ಬಂದು, ಕಾಗದದ ಮೇಲೆ ಮೀನಿನ ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿದಳು.

"ಇದು ನಾ ಮಾರೂ ಮೀನಲ್ಲ" ಎಂದಳು. "ಕಣ್ಣು ಒಳಗೆ ಹೋಗ್ಯದೆ. ಹಳಸಿದ ಬಂಗಡೆ ಎದಿ ಮೇಲೆ ಹಾಕ್ಕಂಡು ಇನ್ನೂರು ಜನ ಕೂತ್ರೆ ನನ್ನ ಮಗ ಆಡೂದು ಹೆಂಗೆ?"

ಸಭೆಯಲ್ಲಿದ್ದವರೆಲ್ಲ ಕರಾವಳಿಯವರು. ಎಲ್ಲರೂ ಎದ್ದು ಬಂದು ಬಗ್ಗಿ ನೋಡಿ, ಹೌದು ಹೌದು, ಹಳಸಿದ್ದೇ ಎಂದರು. ಒಬ್ಬ ಮೂಗನ್ನೂ ಮುಚ್ಚಿಕೊಂಡ. ಅವನನ್ನು ನಾನು ಇನ್ನೂ ಕ್ಷಮಿಸಿಲ್ಲ. ನೋಡಿದ್ದನ್ನು ನೋಡಿದ ಹಾಗೆ ಬರೆಯುವುದು ತಪ್ಪೇ ಎಂದು ಕೂಗಬೇಕೆನಿಸಿತು. ಚಿತ್ರವನ್ನು ಗೋಡೆಯಿಂದ ಕಿತ್ತುಕೊಂಡು ಹೋಗೋಣವೆಂದು ಕೈ ಚಾಚಿದೆ.

ಅಷ್ಟರಲ್ಲಿ ಅಮ್ಮ ಬಂದಿದ್ದಳು. ಕನ್ನಡಕ ಹಾಕಿಕೊಂಡು ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತಳು. ಬಾಲ ನೋಡಿದಳು, ನಡು ನೋಡಿದಳು, ಕಣ್ಣಿನ ಹತ್ತಿರ ಬಹಳ ಹೊತ್ತು ನಿಂತಳು. ಅವಳು ಹಾಗೆ ನೋಡುವುದನ್ನು ನೋಡುತ್ತ ನನಗೆ ಸ್ಪರ್ಧೆ ಮರೆತೇಹೋಯಿತು.

"ವೈಜಯಂತಿ ಬಾಯಿ, ತಲೆ ಒಂದೇ ನೋಡಿ ಮಾತಾಡ್ಬೇಡಿ" ಎಂದಳು. "ಬಾಲ ನೋಡಿ, ಹೆಂಗೆ ಸೆಟೆದು ನಿಂತದೆ. ಬಾಲ ಭಾನುವಾರದ್ದು. ನಡು ಸೋಮವಾರದ್ದು. ತಲೆ ಮಂಗಳವಾರದ್ದು. ನಾನೇ ತಂದ ಮೀನು, ನಂಗೆ ಗೊತ್ತಿಲ್ವ? ದಿವ್ಸ ಲೆಕ್ಕ ಹಾಕೂ ಹಂಗೆ ಬರ್ದಾಳೆ ನನ್ನ ಮಗಳು. ಆ ಗೋಡೆ ಮೇಲಿನ ಉಳಿದದ್ದು ಬಂಗಡೆಯೋ ಬಾಳೆಕಾಯಿಯೋ, ಹೇಳಿ ನೋಡ್ವಾ."

ವೈಜಯಂತಿ ಬಾಯಿ ಮತ್ತೊಮ್ಮೆ ಬಗ್ಗಿದಳು. ಬಾಲದಿಂದ ತಲೆಯವರೆಗೆ ಬೆರಳಾಡಿಸಿ, ಬಾಲ ಬೆಳಗಿನ ದೋಣಿಯದ್ದೇ ಹೌದು ಎಂದು ಒಪ್ಪಿದಳು. ಹಾಗಾದರೆ ಬಾಲದ ಭಾಗ ಇಟ್ಟುಕೊಂಡು ಮೀಸೆಯ ಬಂಗಡೆಯ ತಲೆ ಅಂಟಿಸೋಣ ಎಂದು ಮಂಗೇಶ ಸಲಹೆ ಕೊಟ್ಟ. ಅರ್ಧ ಮೀನು ಕೊಡುವುದಿಲ್ಲ ಎಂದಳು ಅಮ್ಮ. ಆಮೇಲೆ ಇಬ್ಬರು ಹೆಂಗಸರೂ ಪೇಟೆಯಲ್ಲಿ ನಿಂತ ಹಾಗೆಯೇ ಚೌಕಾಸಿಗೆ ನಿಂತರು. ಅಮ್ಮ ಎರಡು ಸಲ ಹೊರಟು ಬಾಗಿಲವರೆಗೆ ಹೋದಳು, ಬಾಯಿ ಎರಡು ಸಲವೂ ಕರೆದಳು. ಮಾಸ್ತರು ಮತ್ತು ಮಂಗೇಶ ಚಹಾ ಕುಡಿಯಲು ಹೋದರು. ಕೊನೆಗೆ ಚಿತ್ರ ನನ್ನದೇ ಎಂದಾಯಿತು, ತಲೆ ಮಾತ್ರ ಹೊಸದು ಬರೆಯಬೇಕು. ಗುರುವಾರ ಬೆಳಿಗ್ಗೆ ದೋಣಿಯಿಂದ ಇಳಿದ ಬಂಗಡೆಯನ್ನು ಬಾಯಿಯೇ ಕೊಡುತ್ತಾಳೆ, ಕೈಗೆ ಬಂದ ಕೂಡಲೇ ಶುರು ಮಾಡಬೇಕು, ಮಧ್ಯಾಹ್ನದೊಳಗೆ ಮುಗಿಯಬೇಕು.

ಅಂಕೋಲಾ ಬಸ್ಸಿನಲ್ಲಿ ಸೀಟು ಸಿಕ್ಕಿತು. ಗೆದ್ದರೂ ನನಗೆ ಆ ತಲೆಯ ಮೇಲಿನ ಸಿಟ್ಟು ಇಳಿದಿರಲಿಲ್ಲ. ಬಿಣಗಾ ದಾಟುವಾಗ ಚಿತ್ರವನ್ನು ತೊಡೆಯ ಮೇಲೆ ಹರಡಿ, ತಲೆಯಷ್ಟನ್ನು ಕತ್ತರಿಸಿ ಎಸೆಯಲು ಚೀಲದಿಂದ ಬ್ಲೇಡು ತೆಗೆದೆ. ಅಮ್ಮ ನನ್ನ ಕೈ ಹಿಡಿದಳು.

"ಅದಕ್ಕೆ ಕೈ ಹಚ್ಬೇಡ. ಅವ್ರಿಗೆ ಬೇರೆ ಕಾಗದದಲ್ಲಿ ತಲೆ ಬರೆದುಕೊಡು, ಮೈಗೆ ಇದ್ರ ಫೋಟೋ ಸಾಕು. ಇದು ನಂಗೆ ಬೇಕು."

ನಾನು ಅತ್ತುಬಿಟ್ಟೆ. ಮೂಗಿನ ತುದಿಯಲ್ಲಿ ಸಿಟ್ಟು ಇರುವವರು ಅಳುವಾಗ ಚಂದ ಕಾಣುವುದಿಲ್ಲ. ಜನ ನೋಡ್ತಾರೆ, ಸಾಕು ಎಂದು ಅಮ್ಮ ಸೆರಗು ಕೊಟ್ಟಳು. ಜನ ನೋಡುತ್ತಲೂ ಇದ್ದರು. ಪಕ್ಕದ ಸೀಟಿನಲ್ಲಿ ತರಕಾರಿ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ಕುತ್ತಿಗೆ ಉದ್ದ ಮಾಡಿ ಚಿತ್ರ ನೋಡುತ್ತಿದ್ದಳು. ಅಮ್ಮ ಅದನ್ನು ನನ್ನ ತೊಡೆಯಿಂದ ಎತ್ತಿ, ಎರಡೂ ಕೈಯಲ್ಲಿ ಹಿಡಿದು, ಅವಳ ಕಡೆ ತಿರುಗಿಸಿದಳು.

"ನನ್ನ ಮಗಳು ಬರೆದದ್ದು" ಎಂದಳು. "ಎಷ್ಟು ದಿವ್ಸದ ಮೀನು, ಹೇಳಿ ನೋಡ್ವಾ."