ಅಣ್ಣನ ಗೇಜು

ಶೂಟಿಂಗ್ ಕ್ಲಬ್ಬಿಗೆ ಕಳಿಸಿದ್ದ ರೈಫಲ್ ನಳಿಗೆಗಳು ಗೋಣಿತಾಟಿನಲ್ಲಿ ಸುತ್ತಿಸಿಕೊಂಡು ಕಾರ್ಖಾನೆಗೆ ವಾಪಸು ಬಂದವು. ತಂದವರು ಕ್ಲಬ್ಬಿನ ಬಂದೂಕು ರಿಪೇರಿಯವರು. ಚಿಕ್ಕಪ್ಪನ ಅಣ್ಣನ ಕಾಲದಿಂದ ಗುರುತಿದ್ದವರು. ಅವರು ಬೈಯಲಿಲ್ಲ, ದನಿ ಏರಿಸಲಿಲ್ಲ. ಗಂಟನ್ನು ಮೇಜಿನ ಮೇಲಿಳಿಸಿ, ಸ್ಟೂಲಿನ ಮೇಲೆ ಕುಳಿತು, ನೀರು ಕೇಳಿ ಕುಡಿದರು. ಅಣ್ಣನ ನಂತರ ಕಾರ್ಖಾನೆ ನೋಡಿಕೊಳ್ಳುತ್ತಿದ್ದ ಚಿಕ್ಕಪ್ಪನಿಗೆ ಅದನ್ನು ಕಂಡೇ ಭಯವಾಯಿತು. ಬೈಯುವ ಗಿರಾಕಿ ಮತ್ತೆ ಬರುತ್ತಾನೆ. ಸುಮ್ಮನೆ ಕೂತವನನ್ನು ನಂಬುವಂತಿಲ್ಲ.

“ತೋಟಾ ಹಾಕಿ ಬೋಲ್ಟು ಮುಚ್ಚೋಕೆ ಹೋದರೆ, ಊದಿದ ಕಾಲನ್ನ ಬೂಟಿಗೆ ತುರುಕಿದ ಹಾಗಾಗುತ್ತೆ ಯಜಮಾನ್ರೇ,” ಎಂದರು ರಿಪೇರಿಯವರು.

ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಜಾಗಕ್ಕೆ ಚೇಂಬರು ಎನ್ನುತ್ತಾರೆ. ಅದರ ಉದ್ದಕ್ಕೆ ಈ ಉದ್ಯಮದವರೆಲ್ಲ ಒಪ್ಪಿಕೊಂಡ ಒಂದು ಅಳತೆಯಿದೆ. ಅದಕ್ಕಿಂತ ಗಿಡ್ಡವಾದರೆ ತೋಟಾ ಪೂರ್ತಿ ಕೂರುವುದಿಲ್ಲ. ಹಟಮಾಡಿ ಮುಚ್ಚಿ ಹಾರಿಸಿದರೆ ಒತ್ತಡ ಹೆಚ್ಚಿ, ಬಂದೂಕು ಸಿಡಿದು ಹಿಡಿದವನ ಮುಖಕ್ಕೇ ಬರಬಹುದು. ಅದನ್ನು ಪರೀಕ್ಷಿಸಲೆಂದೇ ತೋಟಾದ ಆಕಾರದ ಒಂದು ಉಕ್ಕಿನ ತುಂಡು ಇರುತ್ತದೆ, ಅದೇ ಗೇಜು. ಅದನ್ನು ಒಳಗಿಟ್ಟು, ಚೇಂಬರಿನ ಹಿಂಬಾಯಿ ಮುಚ್ಚುವ ಬೋಲ್ಟನ್ನು ತಳ್ಳಿದರೆ ಹಗುರವಾಗಿ ಮುಚ್ಚಬೇಕು. ರಿಪೇರಿಯವರು ಹೊಸದೊಂದು ಗೇಜನ್ನು ಮೇಣದ ಕಾಗದದಿಂದ ಬಿಡಿಸಿ ಇಟ್ಟರು. ಅದನ್ನಿಟ್ಟರೆ ಒಂದು ನಳಿಗೆಯಲ್ಲೂ ಬೋಲ್ಟು ಮುಚ್ಚಲಿಲ್ಲ. ಕಾರ್ಖಾನೆಯ ಗೇಜು ಇಟ್ಟರೆ ಎಲ್ಲವೂ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಮುಚ್ಚಿದವು.

ಕಾರ್ಖಾನೆಯ ಗೇಜನ್ನು ಅಣ್ಣ ತನ್ನ ಕೈಯಾರೆ ಮಾಡಿದ್ದ. ಅವನು ತೀರಿಕೊಂಡ ಮೇಲೂ ಅದೇ ಪ್ರಮಾಣ. ಚಿಕ್ಕಪ್ಪ ಕೆಲಸಕ್ಕೆ ಮೊದಲು ಕಣ್ಣುಮುಚ್ಚಿ ದೇವರನ್ನು ನೆನೆಯುವಾಗ ಆ ಗೇಜು ಅವನ ಮುಂದೆಯೇ ಇರುತ್ತಿತ್ತು. ಎಲ್ಲ ನಳಿಗೆಗಳೂ ಅದಕ್ಕೆ ಹಗುರವಾಗಿ ಮುಚ್ಚಿದ್ದನ್ನು ಕಂಡೂ, ಅದು ತಪ್ಪು ಹೇಳೀತೆಂಬ ಯೋಚನೆಯೇ ಅವನಿಗೆ ಹೊಳೆಯಲಿಲ್ಲ. ಹೊಳೆದದ್ದು ಬೇರೆ. ನಳಿಗೆ ಕೊರೆಯುವ ಲೇತಿನ ಮುಂದೆ ನಿಲ್ಲುವವನು ಅಣ್ಣನ ಮಗ, ಬಲವಾದ ಕೈ. ಸರಿಯಾಗಿ ಕೊರೆಯದೆ, ಬೋಲ್ಟನ್ನು ಜೋರುಮಾಡಿ ಮುಚ್ಚಿ, ಆಯಿತೆಂದು ಕಳಿಸಿರಬೇಕು.

ಹೊಸದು ಇಲ್ಲಿರಲಿ, ವಾರದೊಳಗೆ ಸರಿಮಾಡಿ ಕೊಡಿ, ಇಲ್ಲದಿದ್ದರೆ ಬೇರೆ ಕಡೆ ನೋಡಬೇಕಾಗುತ್ತದೆ ಎಂದು ಹೇಳಿ ರಿಪೇರಿಯವರು ಎದ್ದುಹೋದರು. ಅವರು ಬಾಗಿಲು ದಾಟುತ್ತಲೇ ಚಿಕ್ಕಪ್ಪ ಹುಡುಗನಿಗೆ ಹುಡುಕಿ ಹುಡುಕಿ ಕಟುಮಾತಾಡಿದ. ಅಣ್ಣನ ಮಗ ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಆಡಿದ.

“ಗೇಜು ಒಂದ್ಸಲ ನೋಡಿ ಚಿಕ್ಕಪ್ಪ.”

“ನಿಮ್ಮಪ್ಪನ ಗೇಜಿನ ಮೇಲೆ ಬೆರಳು ತೋರಿಸ್ತೀಯಾ?”

ಅವನು ಅಪ್ರನ್ ಬಿಚ್ಚಿ ಮೊಳೆಗೆ ತಗುಲಿಹಾಕಿದ. “ನಾಳೆಯಿಂದ ಲೇತಿನ ಮುಂದೆ ನೀವೇ ನಿಂತ್ಕೊಳ್ಳಿ,” ಎಂದು ಹೊರಟುಹೋದ. ಚಿಕ್ಕಪ್ಪನ ಕೈ ಈಗ ನಡುಗುತ್ತದೆ, ಲೇತು ಹಿಡಿಯಲಾರ. ಅದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಬೆಳಗ್ಗೆ ಚಿಕ್ಕಪ್ಪ ದಿನಕ್ಕಿಂತ ಬೇಗ ಬಂದ. ಮನೆ ಕಾರ್ಖಾನೆಯ ಮೇಲೆಯೇ; ಮೆಟ್ಟಿಲಿಳಿದರೆ ಕೆಲಸ. ಕಿಟಕಿಯ ಬಳಿ ಅತ್ತಿಗೆ ಕುಳಿತಿದ್ದರು. ಗಂಡ ಹೋದಂದಿನಿಂದ ಪ್ರತಿ ಬೆಳಗ್ಗೆ ಕೆಳಗೆ ಬಂದು ಗೇಜನ್ನು ಒರೆಸಿ, ಹೊಳಪುಮಾಡಿ, ಪೆಟ್ಟಿಗೆಯಲ್ಲಿಡುವುದು ಅವರ ಕೆಲಸ. ಯಾರೂ ಹೇಳಿದ್ದಲ್ಲ, ಯಾರೂ ಬೇಡವೆಂದದ್ದೂ ಅಲ್ಲ. ಅವರಿಗೆ ಅದೊಂದು ಆಸರೆ ಎಂದು ಎಲ್ಲರೂ ಸುಮ್ಮನಿದ್ದರು. ಚಿಕ್ಕಪ್ಪ ಬರುವ ಹೊತ್ತಿಗೆ ಯಾವಾಗಲೂ ಒರೆಸಿ ಮುಗಿದಿರುತ್ತಿತ್ತು. ಅವರು ಹೇಗೆ ಒರೆಸುತ್ತಾರೆಂದು ಅವನು ಕಂಡದ್ದು ಅಂದೇ ಮೊದಲು.

ಅವರ ಮುಂದೆ ದಪ್ಪ ಗಾಜಿನ ಹಲಗೆ ಇತ್ತು. ಪಕ್ಕದಲ್ಲಿ ಅಣ್ಣನ ಉಜ್ಜುವ ಪೇಸ್ಟಿನ ಡಬ್ಬಿ. ಗಾಜಿನ ಮೇಲೆ ಚೂರು ಪೇಸ್ಟು ಹಚ್ಚಿ, ಗೇಜಿನ ತಳವನ್ನು ಅದರ ಮೇಲೆ ಸುತ್ತಸುತ್ತ ಆಡಿಸುತ್ತಿದ್ದರು. ಸಾವಧಾನವಾಗಿ, ತುಟಿಯಲ್ಲಿ ಏನೋ ಪ್ರಾರ್ಥನೆ. ಗಾಜಿನ ಮೇಲೆ ಬೂದು ಬಣ್ಣದ ಕೆಸರು ಕಟ್ಟಿತ್ತು. ಅದು ಕೊಳೆಯಲ್ಲ, ಉಕ್ಕು.

ಚಿಕ್ಕಪ್ಪ ಮೆಟ್ಟಿಲ ಮೇಲೆಯೇ ಕುಳಿತ. ಅವನಿಗೆ ಎಲ್ಲ ನೆನಪಾಯಿತು. ಗೇಜು ಮಾಡುವಾಗ ಕೊನೆಯ ಅಳತೆಗೆ ತರಲು ಅಣ್ಣ ಇದೇ ಹಲಗೆಯ ಮೇಲೆ, ಇದೇ ಡಬ್ಬಿಯ ಪೇಸ್ಟಿನಲ್ಲಿ ಹೀಗೆಯೇ ಉಜ್ಜಿದ್ದ. ಕೂದಲೆಳೆಯಷ್ಟು ಉಕ್ಕನ್ನು ತೆಗೆಯಲೆಂದೇ ಉಜ್ಜಿದ್ದು. ಕಾಫಿ ತಂದುಕೊಟ್ಟು ಅಲ್ಲೇ ನಿಂತು ನೋಡುತ್ತಿದ್ದ ಅತ್ತಿಗೆಗೆ ಕಂಡದ್ದು ಹೊಳಪು. ಅದನ್ನೇ ಶುಚಿಮಾಡುವ ವಿಧಾನವೆಂದು ಕಲಿತಿದ್ದರು.

ಅವರು ಮೇಲೆ ಹೋದ ಮೇಲೆ ಚಿಕ್ಕಪ್ಪ ಸಿಗರೇಟಿನ ತೆಳು ಕಾಗದವನ್ನು ಹರಿದು ಅಣ್ಣನ ಗೇಜಿನ ತಳಕ್ಕೆ ಅಂಟಿಸಿದ. ಬೋಲ್ಟು ಮುಚ್ಚಿತು. ಇನ್ನೊಂದು ಪದರ ಅಂಟಿಸಿದ. ಬೋಲ್ಟು ತಡೆದು ನಿಂತಿತು, ಹೊಸ ಗೇಜಿಗೆ ನಿಂತ ಹಾಗೆಯೇ. ಹೆಚ್ಚುಕಡಿಮೆ ಆ ಎರಡು ಕಾಗದದಷ್ಟು ಅಣ್ಣನ ಗೇಜು ಸವೆದಿತ್ತು. ಆ ಸವೆದ ಗೇಜಿಗೆ ಹುಡುಗ ಕೊರೆದದ್ದು ಸರಿಯಾಗಿಯೇ ಇತ್ತು.

ಅವನು ಮೇಲೆ ಹುಡುಗನ ಕೋಣೆಗೆ ಹೋಗಿ ಬಾಗಿಲಲ್ಲೇ ನಿಂತ. ಮೀಸೆ ಬೆಳ್ಳಗಾಗುತ್ತ ಬಂದವನನ್ನು ಅವನು ಈಗಲೂ ಹುಡುಗ ಎಂದೇ ಎಣಿಸುತ್ತಿದ್ದ. ತನ್ನದೇ ತಪ್ಪೆಂದ, ನಡೆದದ್ದನ್ನು ಹೇಳಿದ. ಹುಡುಗ ಹಾಸಿಗೆಯ ಅಂಚಿನಲ್ಲಿ ಕುಳಿತು ತಲೆ ಸವರಿಕೊಂಡ. ಸಿಟ್ಟು ಅವನಲ್ಲೂ ಉಳಿದಿರಲಿಲ್ಲ, ದಣಿವು ಮಾತ್ರ ಇತ್ತು.

“ಅಮ್ಮನಿಗೆ ಹೇಳಬೇಡಿ ಚಿಕ್ಕಪ್ಪ. ನಾನೇ ಕೆಡಿಸಿದೆ ಅಂತ ಇರಲಿ.”

“ಬೇಡಪ್ಪ. ನಿನ್ನೆ ಒಂದು ಸಲ ನಿನ್ನ ತಲೆಗೆ ಕಟ್ಟಿದ್ದೇ ಸಾಕು.”

ಆದರೂ ಗೇಜು ಹಿಡಿದು ಅತ್ತಿಗೆಯ ಮುಂದೆ ನಿಂತಾಗ ಬಾಯಿಗೆ ಬಂದದ್ದು ಸುಳ್ಳೇ. ಗೇಜು ಹಳೆಯದಾಯಿತು, ಬಳಸಿ ಬಳಸಿ ಸವೆದಿದೆ, ಇನ್ನು ಹೊಸದನ್ನೇ ಬಳಸುತ್ತೇವೆ ಎಂದ. ಅತ್ತಿಗೆ ಅವನ ಮುಖವನ್ನೇ ನೋಡಿದರು. ಅವರು ಮದುವೆಯಾಗಿ ಬಂದಾಗ ಅವನಿನ್ನೂ ಶಾಲೆಯ ಹುಡುಗ. ಅವನ ಸುಳ್ಳು ಯಾವ ಕಡೆಯಿಂದ ಬರುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

“ಅವರಿದ್ದಾಗ ಸವೆಯದ್ದು ಈಗ ಹ್ಯಾಗೆ ಸವೀತು?” ಎಂದರು.

ಚಿಕ್ಕಪ್ಪ ಇನ್ನೊಂದು ಸುಳ್ಳಿಗೆ ಬಾಯಿ ತೆರೆದ. ಕಣ್ಣು ತಾನಾಗಿ ಪೇಸ್ಟು ಮೆತ್ತಿದ ಅವರ ಬೆರಳುಗಳ ಕಡೆ ಹೋಯಿತು. ಅತ್ತಿಗೆ ಅವನ ಕಣ್ಣು ಹೋದ ಕಡೆ ನೋಡಿದರು. ಆಮೇಲೆ ಅವನು ಏನನ್ನೂ ಮುಚ್ಚಿಡದೆ, ಮೆಲ್ಲಗೆ ಎಲ್ಲವನ್ನೂ ಹೇಳಿದ.

ಅವರು ಅಳಲಿಲ್ಲ. ಎದ್ದು ಹೋಗಿ ನಲ್ಲಿಯಡಿ ಬಹಳ ಹೊತ್ತು ಕೈ ತೊಳೆದರು. ಉಗುರಿನ ಸಂದಿಯ ಕಪ್ಪು ಹೋಗುವ ತನಕ ತೊಳೆದರು. ಬಂದು ಗೇಜನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತರು.

“ಅವರು ಕೊರೆದ ಅಕ್ಷರಾನೂ ಹೋಗಿಬಿಡ್ತಾ? ನನಗೆ ಕಣ್ಣು ಕಾಣಲ್ಲ.”

ಚಿಕ್ಕಪ್ಪ ಗೇಜನ್ನು ಬೆಳಕಿಗೆ ತಿರುಗಿಸಿ, ಪಕ್ಕದಲ್ಲಿ ಅಣ್ಣ ಸೂಜಿಮೊನೆಯಿಂದ ಗೀಚಿದ್ದ ಅಕ್ಷರದ ಮೇಲೆ ಅವರ ಬೆರಳನ್ನಿಟ್ಟ. “ಇದೆ ಅತ್ತಿಗೆ. ನೀವು ಉಜ್ಜಿದ್ದು ತಳ.”

ಅವರು ಆ ಗೀರನ್ನು ಬೆರಳಿಂದ ಸವರಿದರು. “ಆ ನಳಿಗೆಗಳೆಲ್ಲ ಗುಜರಿಗೇನಾ?”

“ಇಲ್ಲ. ಉದ್ದ ಆಗಿದ್ದರೆ ಗುಜರಿ. ಗಿಡ್ಡ ಆಗಿವೆ ಅಷ್ಟೆ, ಇನ್ನೊಂಚೂರು ಕೊರೆದರೆ ಸರಿಹೋಗುತ್ತೆ.”

“ಹಾಗಾದರೆ ಇಲ್ಲಿ ನಿಂತು ನನ್ನ ಮುಖ ಏನು ನೋಡ್ತೀಯ? ಕೆಳಗೆ ಹೋಗಿ ಕೆಲಸ ಶುರುಮಾಡಿಸು.”

ಮಗ ಆಗಲೇ ಅಪ್ರನ್ ಕಟ್ಟಿಕೊಂಡು ಲೇತಿನ ಮುಂದಿದ್ದ. ಮೊದಲ ನಳಿಗೆಯನ್ನು ಹಿಡಿಸಿ, ಚೇಂಬರು ಕೊರೆಯುವ ರೀಮರನ್ನು ಕೈಯಿಂದಲೇ ನವಿರಾಗಿ ತಿರುಗಿಸಿದ. ಚೂರು ಕೊರೆ, ಒರೆಸು, ಹೊಸ ಗೇಜು ಇಡು, ನೋಡು. ಮತ್ತೆ ಚೂರು ಕೊರೆ. ಅವಸರ ಮಾಡುವ ಕೆಲಸವಲ್ಲ. ಕೊನೆಗೊಮ್ಮೆ ಬೋಲ್ಟು ಬೆರಳ ತುದಿಯ ಒತ್ತಿಗೆ ಮುಚ್ಚಿತು. ಅವನು ಚಿಕ್ಕಪ್ಪನ ಕಡೆ ತಿರುಗಲಿಲ್ಲ. ಬೋಲ್ಟನ್ನು ತೆರೆದು, ನೀವೊಮ್ಮೆ ಮುಚ್ಚಿ ನೋಡಿ ಎಂಬಂತೆ ಪಕ್ಕಕ್ಕೆ ಸರಿದು ನಿಂತ. ಚಿಕ್ಕಪ್ಪ ನಡುಗುವ ಕೈಯಿಂದ ಮುಚ್ಚಿ ನೋಡಿ, ತಲೆಯಾಡಿಸಿದ.

ಸಂಜೆ ಕೆಲಸ ನಿಲ್ಲಿಸುವ ಹೊತ್ತಿಗೆ ಅತ್ತಿಗೆ ಒಂದು ಒಣಬಟ್ಟೆ ಹಿಡಿದು ಇಳಿದು ಬಂದರು. ಪೇಸ್ಟಿನ ಡಬ್ಬಿಯನ್ನು ಅಲ್ಮೇರಾದ ಮೇಲಿನ ಹಲಗೆಗೆ, ತಮ್ಮ ಕೈಗೆ ಎಟುಕದ ಕಡೆಗೆ ಇಡಲು ಮಗನಿಗೆ ಹೇಳಿದರು. ಆಮೇಲೆ ಹೊಸ ಗೇಜನ್ನು ಎತ್ತಿಕೊಂಡು ಚಿಕ್ಕಪ್ಪನನ್ನು ಕೇಳಿದರು.

“ಇದನ್ನ ಹ್ಯಾಗಪ್ಪ ಒರೆಸೋದು?”

“ಬಟ್ಟೆಗೆ ಒಂದು ಹನಿ ಎಣ್ಣೆ ಅತ್ತಿಗೆ. ಹಗುರವಾಗಿ. ಅಷ್ಟೇ.”

ಅವರು ಹಗುರವಾಗಿ ಒರೆಸಿದರು. ಚಿಕ್ಕಪ್ಪ ಸ್ಟೂಲಿನ ಮೇಲೆ ಕುಳಿತು, ಅವರ ಕೈಯನ್ನೇ ನೋಡುತ್ತ ಕಾದ.