ತಣ್ಣಗಾಗಿದೆಯಂತೆ

ಬಸುರಿ ಮಗಳು ಗಗನಾಳ ಆರೈಕೆಗೆಂದು ಚಿತ್ರದುರ್ಗದಿಂದ ಐರ್ಲೆಂಡಿನ ಡ್ರೋಹೆಡಾಕ್ಕೆ ಬಂದಿದ್ದ ಚನ್ನಮ್ಮ, ಈಶ್ವರಪ್ಪ ದಂಪತಿಗಳು ಲಾಕ್‌ಡೌನಿನಿಂದ ವಿಮಾನಗಳು ನಿಂತು ಅಲ್ಲೇ ಉಳಿದಿದ್ದರು. ಅಷ್ಟರಲ್ಲಿ ಈಶ್ವರಪ್ಪನಿಗೆ ಕೊರೋನಾ ಹಿಡಿದು ಆಂಬುಲೆನ್ಸ್ ಕರೆದೊಯ್ದಿತು. ವಾರ್ಡಿಗೆ ಮನೆಯವರನ್ನು ಬಿಡುತ್ತಿರಲಿಲ್ಲ. ಅಳಿಯ ಮಂಜೇಶ ದಿನವೂ ನರ್ಸಿಗೆ ಫೋನು ಮಾಡಿ, ಮಾವ ತಣ್ಣಗಿದ್ದಾರೆ, 'ಗ್ರ್ಯಾಂಡ್' ಅಂತೆ, ಅಂದರೆ ಇಲ್ಲಿಯವರ ಮಾತಲ್ಲಿ ಚೆನ್ನಾಗಿದ್ದಾರೆ ಅಂತ, ಎಂದು ಬಂದು ಹೇಳುತ್ತಿದ್ದ.

ದುರ್ಗದ ಬಿಸಿಲಲ್ಲಿ ಬೆಳೆದ ಚನ್ನಮ್ಮನಿಗೆ ತಣ್ಣಗೆ ಎಂಬುದಕ್ಕಿಂತ ಒಳ್ಳೆಯ ಮಾತು ಇರಲಿಲ್ಲ. ಜ್ವರ ಇಳಿದರೆ ಮೈ ತಣ್ಣಗೆ, ಜಗಳ ಮುಗಿದರೆ ಮನೆ ತಣ್ಣಗೆ, ಲಿಂಗಪೂಜೆ ಮುಗಿಸಿ ಎದ್ದರೆ ಜೀವ ತಣ್ಣಗೆ. ಇಲ್ಲಿ ನಲ್ಲಿಯ ನೀರು, ಹಾಸಿಗೆ, ಬಾಗಿಲ ಹಿಡಿ ಎಲ್ಲವೂ ತಣ್ಣಗಿದ್ದು, ಆ ಮಾತಿಗೇ ಒಂದು ಹೆದರಿಕೆ ಅಂಟಿಕೊಂಡಿತ್ತು.

ಒಂದು ಮಧ್ಯಾಹ್ನ ಗಗನಾ ಸ್ಕ್ಯಾನಿಗೆಂದು ಅದೇ ಆಸ್ಪತ್ರೆಗೆ ಒಬ್ಬಳೇ ಹೋಗಿ ಬಂದವಳು ತಲೆನೋವೆಂದು ಕೋಣೆ ಸೇರಿದಳು. ಮಂಜೇಶ ಹಿತ್ತಲಲ್ಲಿ ನಿಂತು ತನ್ನ ಅಕ್ಕನೊಡನೆ ಫೋನಿನಲ್ಲಿ ಪಿಸುಗುಡುತ್ತಿದ್ದ.

"ಒಳಗೇ ತಣ್ಣಗಾಗಿದೆಯಂತೆ ಅಕ್ಕ. ಅತ್ತೆಗೆ ಈಗ್ಲೇ ಗೊತ್ತಾಗ್ಬಾರದು."

ಕಿಟಕಿಯ ಬಳಿ ಅಕ್ಕಿ ಆರಿಸುತ್ತಿದ್ದ ಚನ್ನಮ್ಮನ ಕೈ ನಿಂತಿತು. ಮಾವನಿಗಾದರೆ 'ತಣ್ಣಗಿದ್ದಾರೆ' ಎನ್ನುವ ಹುಡುಗ ಇವನು. ಉಸಿರಿರುವ ತನಕ ಮನುಷ್ಯ 'ಇದ್ದಾರೆ', ಹೆಣವಾದರೆ 'ಇದೆ'. ಒಳಗೇ ಅಂದರೆ ವಾರ್ಡಿನೊಳಗೇ. ಹಾಗಾದರೆ ಮಗಳು ಆಸ್ಪತ್ರೆಗೆ ಹೋದದ್ದು ಸ್ಕ್ಯಾನಿಗಲ್ಲ, ಅಪ್ಪನ ಮುಖ ನೋಡಲು.

ಆಮೇಲೆ ಕಂಡದ್ದೆಲ್ಲ ಅದಕ್ಕೇ ಸಾಕ್ಷಿ ಹೇಳಿತು. ಬಿಸಿ ಗಂಜಿ ಮಾಡಿಕೊಡುತ್ತೇನೆ, ಆಸ್ಪತ್ರೆ ಬಾಗಿಲಲ್ಲಿ ಕೊಟ್ಟು ಬಾ ಎಂದರೆ ಅಳಿಯ ನಾಳೆ ನೋಡೋಣ ಎಂದು ಮುಖ ತಿರುಗಿಸಿದ. ಸಂಜೆ ಕನ್ನಡಿಯ ಮುಂದೆ ನಿಂತಾಗ ಕುಂಕುಮ ಇಡಲೋ ಬೇಡವೋ ಎಂದು ಬೆರಳು ತಡೆಯಿತು. ಶಿವನೇ, ನೀನಾದರೂ ನಿಜ ಹೇಳು ಎಂದಳು.

ಊಟಕ್ಕೆ ಕುಳಿತಾಗ ಇಬ್ಬರೂ ತಟ್ಟೆ ನೋಡುತ್ತಿದ್ದರು. ಚನ್ನಮ್ಮ ಸೌಟು ಕೆಳಗಿಟ್ಟಳು.

"ನಿಮ್ಮಪ್ಪ ತಣ್ಣಗಿದ್ದಾರೆ ಅಂತೀರಲ್ಲ, ಯಾವ ತಣ್ಣಗೆ? ಜ್ವರ ಬಿಟ್ಟಿದ್ದೋ, ಜೀವ ಬಿಟ್ಟಿದ್ದೋ?"

ಮಂಜೇಶ ಬೆಚ್ಚಿಬಿದ್ದ. ನರ್ಸನ್ನು ಬೇಡಿಕೊಂಡು ವಾರ್ಡಿಗೆ ವಿಡಿಯೋ ಕರೆ ಮಾಡಿ ಅತ್ತೆಯ ಮುಂದೆ ಹಿಡಿದ. ಮೂಗಿಗೆ ಕೊಳವೆ, ಕೆದರಿದ ತಲೆ. ಈಶ್ವರಪ್ಪ ಕಣ್ಣು ಕಿರಿದು ಮಾಡಿ ಹೆಂಡತಿಯನ್ನು ನೋಡಿದ.

"ಏನೇ, ಇಲ್ಲಿ ಎಲ್ಲಾ ಸಪ್ಪೆ. ಒಂದಿಷ್ಟು ಚಟ್ನಿಪುಡಿ ಕಳಿಸೇ."

ಚನ್ನಮ್ಮ ಅಳುತ್ತಲೇ ನಕ್ಕಳು. ಸಾಯೋ ಹೊತ್ತಲ್ಲೂ ನಾಲಗೆ ಚಪಲ ಎಂದು ಬೈದಳು. ಕರೆ ಮುಗಿಸಿ ತಿರುಗಿದರೆ ಗಗನಾ ನಕ್ಕಿರಲಿಲ್ಲ. ಅವಳ ಎರಡೂ ಕೈ ಹೊಟ್ಟೆಯ ಮೇಲಿದ್ದವು.

"ಮಗೂದು ಎದೆಬಡಿತ ನಿಂತುಹೋಗಿದೆ ಅಮ್ಮ. ಅಪ್ಪ ಮನೆಗೆ ಬರೋತನಕ ನಿಂಗೆ ಹೇಳೋದು ಬೇಡ ಅಂತಿದ್ವಿ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗ್ಬೇಕು."

ಚನ್ನಮ್ಮ ಮಗಳ ಪಕ್ಕದಲ್ಲಿ ನೆಲಕ್ಕೆ ಕುಳಿತು, ಅವಳ ಕೈಗಳನ್ನು ಮೆಲ್ಲಗೆ ಸರಿಸಿ, ಹೊಟ್ಟೆಯ ಮೇಲೆ ತನ್ನ ಅಂಗೈ ಇಟ್ಟಳು. ಅದು ಇನ್ನೂ ಬೆಚ್ಚಗೇ ಇತ್ತು.